ಕಾಣದ ಕಣ್ಣಿಗೆ ಈಗಲೇ ಚಿಪ್ಪು ಏಕೆ? ಮಗು ದೊಡ್ಡದಾದ ಮೇಲೆ ಕೃತಕ ಕಣ್ಣು ಹಾಕಿಸಿದರೆ ಸಾಲದೇ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಮಗಳಿಗೆ ಎರಡು ತಿಂಗಳು. ಬಲಗಣ್ಣು ಹುಟ್ಟಿನಿಂದಲೇ ಬಟಾಣಿ ಕಾಳಿನಷ್ಟು ಚಿಕ್ಕದು, ಅದಕ್ಕೆ ದೃಷ್ಟಿ ಬರುವುದಿಲ್ಲವೆಂದು ವೈದ್ಯರು ಹೇಳಿದ್ದಾರೆ. ಆದರೂ ರೆಪ್ಪೆಗಳ ಒಳಗೆ ಪಾರದರ್ಶಕ ಪ್ಲಾಸ್ಟಿಕ್ ಚಿಪ್ಪೊಂದನ್ನು ಇಡಬೇಕು, ಕೆಲವು ವಾರಗಳಿಗೊಮ್ಮೆ ಬದಲಿಸುತ್ತಾ ಹೋಗಬೇಕು ಎನ್ನುತ್ತಿದ್ದಾರೆ. ಹಸುಗೂಸಿಗೆ ಈ ಹಿಂಸೆ ಏಕೆ, ಹತ್ತು ವರ್ಷವಾದ ಮೇಲೆ ನೋಡಿಕೊಂಡರಾಯಿತು ಎಂಬುದು ಮನೆಯ ಹಿರಿಯರ ಮಾತು. ನಿಮಗೂ ಹಾಗೆಯೇ ಅನ್ನಿಸುತ್ತಿದೆ.

ನಾನು ವೈದ್ಯನಲ್ಲ. ಕೃತಕ ಕಣ್ಣು ತಯಾರಿಸುವುದು ನನ್ನ ಕಸುಬು. ಆ ಚಿಪ್ಪುಗಳನ್ನು, ನಮ್ಮ ಮಾತಿನಲ್ಲಿ ಕನ್ಫಾರ್ಮರ್‌ಗಳನ್ನು, ಉಜ್ಜಿ ನುಣುಪು ಮಾಡುವ ಕೈ ನನ್ನದು. ಅದಕ್ಕೇ ನೇರವಾಗಿ ಹೇಳುತ್ತೇನೆ: ಹತ್ತು ವರ್ಷ ಬೇಡ, ಹತ್ತು ತಿಂಗಳೂ ಕಾಯಬೇಡಿ.

ಕಾರಣ ಕಣ್ಣಿನಲ್ಲಿಲ್ಲ, ಕಣ್ಣು ಕೂರುವ ಗೂಡಿನಲ್ಲಿದೆ. ಆ ಗೂಡು ಒಂದೇ ಮೂಳೆಯಲ್ಲ. ಹಣೆಯ ಮೂಳೆ, ಕೆನ್ನೆಯ ಮೂಳೆ, ಮೇಲ್ದವಡೆಯ ಮೂಳೆ, ಅಂಗುಳಿನ ಮೂಳೆ, ಕಣ್ಣೀರಿನ ಚೀಲದ ಪಕ್ಕದ ಪುಟ್ಟ ಮೂಳೆ, ಜೊತೆಗೆ ಎಥ್ಮಾಯ್ಡ್ ಮತ್ತು ಸ್ಫೀನಾಯ್ಡ್, ಹೀಗೆ ಏಳು ಮೂಳೆಗಳು ಅಂಚಿಗೆ ಅಂಚು ಕೂಡಿ ಆದ ಆಲಿಕೆ ಅದು. ನಾನು ಕೆಲಸ ಕಲಿಯುತ್ತಿದ್ದಾಗ ಗುರುಗಳು ತಲೆಬುರುಡೆಯೊಂದನ್ನು ಕೈಗಿಟ್ಟು, ಮೂಗಿನ ಕಡೆಯ ಗೋಡೆಯ ಹಿಂದೆ ಟಾರ್ಚ್ ಹಿಡಿದರು. ಬೆಳಕು ಮೂಳೆಯ ಮೂಲಕವೇ ಈಚೆ ಬಂತು. ಅರ್ಧ ಮಿಲಿಮೀಟರಿಗಿಂತ ತೆಳುವಾದ ಆ ಹಾಳೆಗೆ ಲ್ಯಾಟಿನ್‌ನಲ್ಲಿ ಕಾಗದದ ಹೆಸರನ್ನೇ ಇಟ್ಟಿದ್ದಾರೆ. ಹೊರಗಡೆಯ ಗೋಡೆ ಮಾತ್ರ ಗಟ್ಟಿ, ಏಟು ಬೀಳುವುದು ಆ ಕಡೆಯಿಂದಲೇ ಅಲ್ಲವೇ.

ದೊಡ್ಡವರಲ್ಲಿ ಈ ಗೂಡಿಗೆ ಸುಮಾರು 30 ಮಿಲಿಲೀಟರ್ ಹಿಡಿಯುತ್ತದೆ. ಕಣ್ಣುಗುಡ್ಡೆ ಅದರಲ್ಲಿ ಸುಮಾರು 7 ಮಿಲಿಲೀಟರ್ ಅಷ್ಟೇ. ಮಿಕ್ಕದ್ದು ಕೊಬ್ಬು, ಸ್ನಾಯು, ನರ, ರಕ್ತನಾಳ. ಆದರೂ ಗೂಡು ಎಷ್ಟು ಬೆಳೆಯಬೇಕೆಂಬುದರಲ್ಲಿ ಆ ಗುಡ್ಡೆಯ ಮಾತು ದೊಡ್ಡದು. ಹುಟ್ಟಿದಾಗ ಕಣ್ಣುಗುಡ್ಡೆಯ ಉದ್ದ 16–17 ಮಿಲಿಮೀಟರ್, ಬೆಳೆದ ಮೇಲೆ ಸುಮಾರು 24. ಈ ಬೆಳವಣಿಗೆಯ ಬಹುಪಾಲು ಮೊದಲ ಎರಡು ಮೂರು ವರ್ಷಗಳಲ್ಲೇ ಮುಗಿಯುತ್ತದೆ. ಕುಂಬಾರರು ಹಸಿ ಮಡಕೆಯ ಒಳಗೊಂದು ಕಲ್ಲು ಹಿಡಿದು, ಹೊರಗಿನಿಂದ ಹಲಗೆಯಲ್ಲಿ ತಟ್ಟುತ್ತಾ ಹೊಟ್ಟೆಯನ್ನು ಹಿಗ್ಗಿಸುವುದನ್ನು ನೋಡಿದ್ದೀರಾ? ಬೆಳೆಯುವ ಕಣ್ಣು ಒಳಗಿನ ಆ ಕಲ್ಲಿನಂತೆ. ಒಳಗೆ ಆಸರೆ ಇಲ್ಲದಿದ್ದರೆ ಮಡಕೆ ಹಿಗ್ಗುವುದಿಲ್ಲ, ಒಣಗಿದ ಮೇಲೆ ತಟ್ಟಿದರೆ ಹಿಗ್ಗುವುದಕ್ಕೆ ಬದಲು ಒಡೆಯುತ್ತದೆ. ನಿಮ್ಮ ಮಗಳ ಮಡಕೆ ಈಗ ಹಸಿ ಇದೆ.

ರೆಪ್ಪೆಯ ಕಥೆ ಸ್ವಲ್ಪ ಬೇರೆ. ರೆಪ್ಪೆ ಕಣ್ಣಿನಿಂದ ಹುಟ್ಟುವುದಲ್ಲ, ಮುಖದಿಂದ ಹುಟ್ಟುವುದು. ಗರ್ಭದ ಆರು ಏಳನೇ ವಾರದಲ್ಲಿ ಮೇಲಿನಿಂದ ಒಂದು, ಕೆಳಗಿನಿಂದ ಒಂದು ಚರ್ಮದ ಮಡಿಕೆ ಏಳುತ್ತದೆ. ಮೇಲಿನದು ಹಣೆಯ ಕಡೆಯಿಂದ ಬಂದದ್ದು, ಕೆಳಗಿನದು ಮೇಲ್ದವಡೆಯ ಕಡೆಯಿಂದ. ಹತ್ತನೇ ವಾರದ ಹೊತ್ತಿಗೆ ಎರಡೂ ಬಂದು ಒಂದಕ್ಕೊಂದು ಅಂಟಿಕೊಂಡುಬಿಡುತ್ತವೆ. ನಾಯಿಮರಿ, ಬೆಕ್ಕಿನ ಮರಿಗಳು ಹುಟ್ಟಿದ ಮೇಲೂ ಕೆಲವು ದಿನ ಕಣ್ಣು ಬಿಡದಿರುವುದು ಇದೇ ಅಂಟಿನಿಂದ. ನಮ್ಮಲ್ಲಿ ಆ ದಿನಗಳು ಹೊಟ್ಟೆಯೊಳಗೇ ಕಳೆದುಹೋಗುತ್ತವೆ. ಆ ಮುಚ್ಚಿದ ಬಾಗಿಲ ಹಿಂದೆ ರೆಪ್ಪೆಗೂದಲು ಬೇರೂರುತ್ತವೆ, ಕಣ್ಣೀರು ಬೇಗ ಆರದಂತೆ ಎಣ್ಣೆಯ ಪದರ ಹರಡುವ ಮೈಬೋಮಿಯನ್ ಗ್ರಂಥಿಗಳು ಸಾಲಾಗಿ ಮೂಡುತ್ತವೆ, ರೆಪ್ಪೆ ಎತ್ತುವ ಸ್ನಾಯುವೂ ಮುಚ್ಚುವ ಸ್ನಾಯುವೂ ತಯಾರಾಗುತ್ತವೆ. ಸುಮಾರು 26ನೇ ವಾರಕ್ಕೆ ಅಂಟು ಬಿಟ್ಟು ಕಣ್ಣು ತೆರೆಯುತ್ತದೆ.

ನಿಮ್ಮ ಮಗಳ ಬಲಗಡೆಯ ರೆಪ್ಪೆಯಲ್ಲೂ ಕೂದಲಿದೆ, ಅಳುವಾಗ ಆ ಕಡೆಯಲ್ಲೂ ನೀರು ಬರುತ್ತದೆ ಎಂದು ಬರೆದಿದ್ದೀರಿ. ಅದು ಇದರಿಂದಲೇ. ಕಣ್ಣು ಬೆಳೆಯದೆ ನಿಂತರೂ ರೆಪ್ಪೆಗಳು ತಮ್ಮ ಪಾಡಿಗೆ ತಾವು ರೂಪುಗೊಂಡಿವೆ. ಆದರೆ ಅವು ಅಗಲವಾಗಬೇಕಾದರೆ ಒಳಗಿನಿಂದ ಒತ್ತುವ ಗುಂಡು ಬೇಕು. ಅದು ಇಲ್ಲದಿರುವುದರಿಂದ ರೆಪ್ಪೆಗಳ ನಡುವಿನ ಸೀಳು ಚಿಕ್ಕದಾಗಿ ಉಳಿದಿದೆ, ರೆಪ್ಪೆಯ ಹಿಂದಿನ ಸಂದೂ ಆಳವಾಗಿಲ್ಲ. ಆ ಸಂದು ನನಗೆ ಬಹಳ ಮುಖ್ಯ. ನಾಳೆ ನಾನು ಎಷ್ಟೇ ಚೆಂದದ ಕಣ್ಣು ಬರೆದುಕೊಟ್ಟರೂ ಅದು ನಿಲ್ಲುವುದು ಕೆಳರೆಪ್ಪೆಯ ಹಿಂದಿನ ಆ ಬೆರಳುಗುರಿನಷ್ಟು ಜಾಗದಲ್ಲಿ. ಅಲ್ಲಿ ಆಳವಿಲ್ಲದಿದ್ದರೆ ಮಗು ಒಮ್ಮೆ ಸೀನಿದರೂ ಚಿಪ್ಪು ಮಡಿಲಿಗೆ ಬೀಳುತ್ತದೆ.

ಕಾದವರನ್ನು ನಾನು ನೋಡಿದ್ದೇನೆ. ಒಂಬತ್ತು ವರ್ಷದ ಹುಡುಗನೊಬ್ಬನನ್ನು ಕರೆತಂದಿದ್ದರು. ಅಳತೆಪಟ್ಟಿ ಹಿಡಿದಾಗ ಒಳ್ಳೆಯ ಕಣ್ಣಿನ ಸೀಳು 27 ಮಿಲಿಮೀಟರ್, ಇನ್ನೊಂದು 16. ಅಚ್ಚು ತೆಗೆಯಲು ಹಾಕಿದ ಗುಲಾಬಿ ಪೇಸ್ಟ್ ಗಟ್ಟಿಯಾಗಿ ಹೊರಬಂದಾಗ ಹುಣಸೆಬೀಜದಷ್ಟೂ ಇರಲಿಲ್ಲ. ಆ ಅಳತೆಗೆ ಕಣ್ಣು ಮಾಡಿದರೆ ಅದು ಇನ್ನೊಂದರ ಜೋಡಿಯಾಗುವುದಿಲ್ಲ. ಕೊನೆಗೆ ಬಾಯಿಯ ಒಳಪೊರೆಯನ್ನು ತೆಗೆದು ರೆಪ್ಪೆಯ ಹಿಂದೆ ಕಸಿಮಾಡುವ ಶಸ್ತ್ರಚಿಕಿತ್ಸೆಯೇ ಬೇಕಾಯಿತು. ಎಳೆತನದಲ್ಲಿ ಚಿಪ್ಪುಗಳು ಮಾಡಬಹುದಾಗಿದ್ದ ಕೆಲಸದಲ್ಲಿ ಅರ್ಧದಷ್ಟೂ ಅದರಿಂದ ಆಗಲಿಲ್ಲ. ಆ ತಂದೆಯ ಮುಖ ನನಗೆ ಇವತ್ತಿಗೂ ನೆನಪಿದೆ, ನಿಮಗೆ ಇಷ್ಟು ಒತ್ತಿ ಬರೆಯುತ್ತಿರುವುದು ಅದಕ್ಕೇ.

ಚಿಪ್ಪಿಗೂ ಒಂದು ಮಿತಿ ಇದೆ. ರೆಪ್ಪೆ ಮತ್ತು ಸಂದನ್ನು ಅದು ಚೆನ್ನಾಗಿ ಹಿಗ್ಗಿಸುತ್ತದೆ; ಹಿಂದಿನ ಮೂಳೆಯ ಗೂಡಿನ ಮೇಲೆ ಅದರ ಪ್ರಭಾವ ಕಡಿಮೆ. ಗೂಡು ತೀರಾ ಹಿಂದುಳಿದರೆ ನೀರು ಹೀರಿ ಉಬ್ಬುವ ಹೈಡ್ರೋಜೆಲ್ ಗುಂಡನ್ನೋ, ಮಗುವಿನದೇ ಚರ್ಮ ಮತ್ತು ಕೊಬ್ಬಿನ ಕಸಿಯನ್ನೋ ಶಸ್ತ್ರಚಿಕಿತ್ಸಕರು ಒಳಗಿಡುತ್ತಾರೆ. ಬೇಗ ಆಗಲಿ ಎಂದು ದೊಡ್ಡ ಚಿಪ್ಪನ್ನು ತುರುಕಿಸುವುದೂ ತಪ್ಪು, ಕೆಳರೆಪ್ಪೆ ಭಾರಕ್ಕೆ ಜೋತುಬೀಳುತ್ತದೆ. ಮೆಲ್ಲಮೆಲ್ಲನೆ, ಒಂದೊಂದೇ ಅಳತೆ ಏರಿಸುವುದೇ ದಾರಿ.

ಇನ್ನೊಂದು ಮಾತು. ಗ್ರಹಣದ ದಿನ ನಿಮ್ಮ ಹೆಂಡತಿ ಹೊರಗೆ ಬಂದಿದ್ದರಿಂದ ಹೀಗಾಯಿತು ಎಂದು ಯಾರೋ ಅಂದರೆಂದು ಬರೆದಿದ್ದೀರಿ. ದಯವಿಟ್ಟು ಈ ಸಾಲನ್ನು ನಿಮ್ಮ ಹೆಂಡತಿಗೆ ಓದಿಹೇಳಿ. ಭ್ರೂಣದಲ್ಲಿ ಕಣ್ಣಿನ ಮೊದಲ ಗೀರು ಕಾಣಿಸುವುದು 22ನೇ ದಿನದ ಸುಮಾರಿಗೆ. ಎಷ್ಟೋ ಹೆಂಗಸರಿಗೆ ತಾವು ಬಸುರಿ ಎಂಬುದೇ ಅಷ್ಟರಲ್ಲಿ ಗೊತ್ತಾಗಿರುವುದಿಲ್ಲ. ಗ್ರಹಣದ ನೆರಳಿಗೂ ಇದಕ್ಕೂ ಸಂಬಂಧವಿಲ್ಲ, ಅವರ ತಪ್ಪು ಇದರಲ್ಲಿ ಎಳ್ಳಷ್ಟೂ ಇಲ್ಲ. ಕೆಲವು ಮಕ್ಕಳಲ್ಲಿ ಸಾಕ್ಸ್2ನಂತಹ ವಂಶವಾಹಿಯಲ್ಲಿನ ಬದಲಾವಣೆ ಕಾರಣವಾಗಿರುತ್ತದೆ. ಅದು ಮೆದುಳಿನ ಪಿಟ್ಯುಟರಿ ಗ್ರಂಥಿಯ ಮೇಲೂ ಪರಿಣಾಮ ಮಾಡಬಲ್ಲದು, ಆದ್ದರಿಂದ ಎಂಆರ್‌ಐ ಮತ್ತು ವಂಶವಾಹಿ ಪರೀಕ್ಷೆ ಬೇಕೇ ಎಂದು ವೈದ್ಯರನ್ನು ಕೇಳಿ. ಬಲಗಣ್ಣಿಗೆ ಬೆಳಕಿನ ಅರಿವು ಒಂದಿಷ್ಟಾದರೂ ಇದೆಯೇ ಎಂದೂ ಕೇಳಿ. ಇದ್ದರೆ ಕಣ್ಣಿನಂತೆ ಬಣ್ಣ ಬರೆದ ಚಿಪ್ಪು ಹಾಕುವ ಅವಸರ ಬೇಡ. ಪಾರದರ್ಶಕ ಚಿಪ್ಪು ಆ ಬೆಳಕನ್ನು ತಡೆಯುವುದಿಲ್ಲ. ಎಡಗಣ್ಣನ್ನು ತಪ್ಪದೆ ತೋರಿಸುತ್ತಿರಿ. ಅವಳು ಓಡಾಡಿ ಆಡುವ ವಯಸ್ಸಿಗೆ ಬಂದಾಗ, ನಂಬರ್ ಇರಲಿ ಇಲ್ಲದಿರಲಿ, ಪಾಲಿಕಾರ್ಬೊನೇಟ್ ಎಂಬ ಸುಲಭಕ್ಕೆ ಒಡೆಯದ ಪ್ಲಾಸ್ಟಿಕ್‌ನ ಕನ್ನಡಕ ಹಾಕಿಸಿ.

ಎಣ್ಣೆನೀರು ಹಾಕುವಾಗ ಆ ಕಣ್ಣಿಗೆ ಹರಳೆಣ್ಣೆ ಬಿಡುವುದು, ಕಾಡಿಗೆ ತೀಡುವುದು ಎರಡೂ ಬೇಡ. ಚಿಪ್ಪು ಬಿದ್ದರೆ ಗಾಬರಿಯಾಗಬೇಡಿ, ಕುದಿಸಿ ಆರಿಸಿದ ನೀರಿನಲ್ಲಿ ತೊಳೆದು ಶುಭ್ರವಾದ ಡಬ್ಬಿಯಲ್ಲಿಟ್ಟು ಆಸ್ಪತ್ರೆಗೆ ಫೋನ್ ಮಾಡಿ. ಕೀವು ಅಥವಾ ಕೆಂಪು ಕಂಡರೆ ಅದೇ ದಿನ ತೋರಿಸಿ.

ಚಿಪ್ಪು ಬದಲಿಸುವ ದಿನ ಮಗುವಿಗೆ ಮೊದಲೇ ಹಾಲು ಕುಡಿಸಿ, ತೇಗಿಸಿ, ನಿದ್ದೆಯ ಮಂಪರು ಬರುವ ಹೊತ್ತಿಗೆ ಕರೆತನ್ನಿ. ಹಸಿದು ಅಳುವ ಮಗು ರೆಪ್ಪೆ ಮುಚ್ಚುವ ಸ್ನಾಯುವನ್ನು ಬಿಗಿಹಿಡಿಯುತ್ತದೆ, ಪುಟ್ಟದಾದರೂ ಆ ಸ್ನಾಯುವಿನ ಬಲ ನನ್ನ ಬೆರಳಿಗೆ ಗೊತ್ತು. ಮಂಪರಿನಲ್ಲಿದ್ದರೆ ಮೇಲಿನ ರೆಪ್ಪೆಯನ್ನು ಮೆಲ್ಲನೆ ಎತ್ತಿ ಚಿಪ್ಪಿನ ಮೇಲಂಚನ್ನು ಒಳಕ್ಕೆ ಸರಿಸಿ, ಕೆಳರೆಪ್ಪೆಯನ್ನು ತುಸು ಎಳೆದು ಬಿಟ್ಟರೆ ಕೂತುಬಿಡುತ್ತದೆ. ಎಷ್ಟೋ ಮಕ್ಕಳು ಅದರಲ್ಲೇ ನಿದ್ದೆ ಹೋಗುತ್ತವೆ.