ಪಿಇ 20ರಿಂದ 32ಕ್ಕೆ ಏರಿದರೆ ಷೇರು ದುಬಾರಿ ಆಯ್ತು ಅಂತಲೇ ಅರ್ಥವೇ?

ಒಂದು ಕಂಪನಿಯ ಪಿಇ ಒಂದೇ ವರ್ಷದಲ್ಲಿ 20ರಿಂದ 32ಕ್ಕೆ ಏರಿದೆ, ಷೇರು ದುಬಾರಿ ಆಯ್ತಾ ಅಂತ ಕೇಳಿದ್ದೀರಿ. ಪಿಇ ಒಂದನ್ನೇ ನೋಡಿ ಅದನ್ನು ಹೇಳಲು ಬರುವುದಿಲ್ಲ. ಷೇರಿನ ಬೆಲೆಯನ್ನು ಪ್ರತಿ ಷೇರಿನ ಗಳಿಕೆಯಿಂದ, ಅಂದರೆ ಇಪಿಎಸ್‌ನಿಂದ, ಭಾಗಿಸಿದರೆ ಬರುವುದು ಪಿಇ. ಹಾಗಾಗಿ ಮೊದಲು ನೋಡಬೇಕಾದದ್ದು ಇಷ್ಟೇ: ಬದಲಾಗಿದ್ದು ಬೆಲೆಯೋ, ಗಳಿಕೆಯೋ?

ಬೆಲೆ 200, ಇಪಿಎಸ್ 10 ಇತ್ತು ಅಂದುಕೊಳ್ಳಿ. ಪಿಇ 20. ಮರುವರ್ಷ ಇಪಿಎಸ್ 5ಕ್ಕೆ ಕುಸಿಯಿತು, ಬೆಲೆ 160ಕ್ಕೆ ಇಳಿಯಿತು. ಈಗ ಪಿಇ 32. ಷೇರಿನ ಬೆಲೆ ಇಳಿದಿದೆ, ಆದರೂ ಪಿಇ ಏರಿದೆ! ಅದೇ ಇಪಿಎಸ್ 20 ಆಗಿ ಬೆಲೆ 300ಕ್ಕೆ ಹೋಗಿದ್ದರೆ ಪಿಇ 15ಕ್ಕೆ ಇಳಿಯುತ್ತಿತ್ತು. 2009ರಲ್ಲಿ ಅಮೆರಿಕದ ಎಸ್ ಆಂಡ್ ಪಿ 500 ಸೂಚ್ಯಂಕದ ಪಿಇ 100 ದಾಟಿದ್ದೂ ಹೀಗೆಯೇ. ಆಗ ಷೇರುಗಳು ನೆಲಕಚ್ಚಿದ್ದವು, ಆದರೆ ಕಂಪನಿಗಳ ಲಾಭ ಅದಕ್ಕಿಂತ ಜಾಸ್ತಿ ಕರಗಿಹೋಗಿತ್ತು.

ಇದನ್ನು ನಾನು ದುಡ್ಡು ಕಳೆದುಕೊಂಡು ಕಲಿತೆ. ಒಂದು ಲೋಹದ ಕಂಪನಿಯ ಪಿಇ 6 ಇತ್ತು, ಹಿಂದಿನ ವರ್ಷಗಳಿಗಿಂತ ತುಂಬಾ ಕಡಿಮೆ. ಅಗ್ಗ ಅಂತ ಕೊಂಡೆ. ಆದರೆ ಅದು ಲೋಹದ ಬೆಲೆ ತುತ್ತತುದಿಯಲ್ಲಿದ್ದ ವರ್ಷ. ಆಮೇಲೆ ಲಾಭ ಕಾಲು ಭಾಗಕ್ಕೆ ಬಂತು, ಷೇರು ಅರ್ಧಕ್ಕೆ ಇಳಿಯಿತು, ಪಿಇ 12 ಆಯಿತು. ಲೋಹ, ಸಿಮೆಂಟ್, ಹಡಗು ಸಾಗಣೆಯಂಥ ಏರಿಳಿತದ ವ್ಯವಹಾರಗಳಲ್ಲಿ ಪಿಇ ತೀರಾ ಕಡಿಮೆ ಕಂಡಾಗಲೇ ಹೆಚ್ಚು ಎಚ್ಚರ ಬೇಕು.

ಕಂಪನಿಯ ಪಿಇ ಗ್ರಾಫನ್ನು ಹತ್ತಿರದಿಂದ ನೋಡಿ. ಬೆಲೆ ದಿನಾ ಬದಲಾಗುತ್ತದೆ, ಇಪಿಎಸ್ ಮಾತ್ರ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ, ಫಲಿತಾಂಶ ಬಂದಾಗ. ಅಲ್ಲಿ ಗೆರೆ ಥಟ್ಟನೆ ಏರುವುದೋ ಬೀಳುವುದೋ ಕಾಣುತ್ತದೆ. ಕಂಪನಿ ಜಾಗ ಮಾರಿ ಒಂದು ಸಲಕ್ಕೆ ದೊಡ್ಡ ಲಾಭ ತೋರಿಸಿದ್ದರೂ ಪಿಇ ಸುಮ್ನೆ ಇಳಿದುಬಿಡುತ್ತದೆ. ಅಂಥ ಲಾಭವನ್ನು ಕಳೆದು ಲೆಕ್ಕ ಹಾಕಿ. ನಷ್ಟದ ವರ್ಷಗಳಲ್ಲಂತೂ ಪಿಇಗೆ ಅರ್ಥವೇ ಇಲ್ಲ.

ನಾನು ಈಗ 10 ವರ್ಷದ ಬೆಲೆ, ಇಪಿಎಸ್, ಪಿಇ ಮೂರನ್ನೂ ಪಕ್ಕಪಕ್ಕ ಬರೆದುಕೊಳ್ಳುತ್ತೇನೆ. ಪಿಇಗಳ ಸರಾಸರಿ ತೆಗೆಯುವುದಿಲ್ಲ. ಲಾಭ ಕುಸಿದ ಒಂದು ವರ್ಷ ಪಿಇ 150 ಬಂದಿದ್ದರೆ ಸರಾಸರಿಯೇ ಕೆಟ್ಟುಹೋಗುತ್ತದಲ್ವಾ? ಕ್ರಮವಾಗಿ ಜೋಡಿಸಿ ನಡುವಿನದನ್ನು ನೋಡುತ್ತೇನೆ. ಅಮೆರಿಕದ ಅರ್ಥಶಾಸ್ತ್ರಜ್ಞ ರಾಬರ್ಟ್ ಶಿಲ್ಲರ್ ಮಾರುಕಟ್ಟೆಯನ್ನು ಅಳೆಯಲು ಹಣದುಬ್ಬರ ಸರಿಹೊಂದಿಸಿದ 10 ವರ್ಷದ ಸರಾಸರಿ ಗಳಿಕೆಯನ್ನು ಬಳಸಿದ್ದೂ ಒಂದು ವರ್ಷದ ಏರಿಳಿತಕ್ಕೆ ಮೋಸ ಹೋಗಬಾರದು ಅಂತಲೇ.

ನಿಮ್ಮ ಕಂಪನಿಯ ಕಳೆದ ನಾಲ್ಕು ತ್ರೈಮಾಸಿಕಗಳ ಇಪಿಎಸ್ ಕೂಡಿಸಿ, ಅದರ ಹಿಂದಿನ ನಾಲ್ಕರ ಜೊತೆ ಹೋಲಿಸಿ. ಇಳಿದಿದ್ದರೆ ಯಾಕೆ ಎಂದು ವರದಿಯಲ್ಲಿ ಹುಡುಕಿ. ಇಪಿಎಸ್ ಅಲ್ಲೇ ಇದ್ದು ಬೆಲೆ ಮಾತ್ರ ಏರಿದ್ದರೆ, ಹೌದು, ಷೇರು ದುಬಾರಿಯಾಗಿದೆ.