ಟಾಪ್ ಸರ್ಜರಿ ಆಯಿತು, ಆದರೆ ಎದೆ ನೋಡಿಕೊಂಡರೆ ಖುಷಿಯಾಗುತ್ತಿಲ್ಲ. ಏನು ಮಾಡಲಿ?

ಟಾಪ್ ಸರ್ಜರಿ, ಅಂದರೆ ಸ್ತನ ತೆಗೆಸಿ ಎದೆಯನ್ನು ಗಂಡಸರ ಎದೆಯ ಹಾಗೆ ಮಾಡಿಸಿಕೊಳ್ಳುವ ಸರ್ಜರಿ, ಆಗಿ ಐದು ತಿಂಗಳಾಗಿದೆ, ಕಂಕುಳ ಹತ್ತಿರ ಚರ್ಮ ಗಂಟು ಕಟ್ಟಿದ ಹಾಗೆ ಉಬ್ಬಿದೆ, ಎರಡು ನಿಪ್ಪಲ್ ಒಂದೇ ಮಟ್ಟದಲ್ಲಿಲ್ಲ ಎಂದು ಬರೆದಿದ್ದೀರಿ. ಕೊನೆಯಲ್ಲಿ ಇನ್ನೊಂದು ಮಾತು ಸೇರಿಸಿದ್ದೀರಿ: ‘ಯಾರಿಗಾದರೂ ಹೇಳಿದರೆ, ಹಾಗಾದರೆ ಯಾಕೆ ಮಾಡಿಸಿಕೊಂಡೆ ಅಂತ ಕೇಳುತ್ತಾರೆ.’ ನಾನೂ ಟ್ರಾನ್ಸ್ ಮ್ಯಾನ್, ಅಂದರೆ ಹುಟ್ಟಿದಾಗ ಹೆಣ್ಣು ಅಂತ ಬರೆಸಿಕೊಂಡ ಗಂಡಸು. ಸರ್ಜರಿ ಆಗಿ ಕೆಲವು ವರ್ಷಗಳಾದವು. ನನ್ನನ್ನೂ ಎಲ್ಲಕ್ಕಿಂತ ಜಾಸ್ತಿ ಕಾಡಿದ್ದು ಆ ಕೊನೆಯ ಮಾತೇ. ಅಲ್ಲಿಂದಲೇ ಶುರು ಮಾಡುತ್ತೇನೆ.

ಮಾಡಿಸಿಕೊಂಡಿದ್ದೇ ತಪ್ಪಾಯಿತು ಎನ್ನುವುದು ಬೇರೆ, ಮಾಡಿದ ಕೆಲಸ ಸರಿಯಾಗಿ ಬಂದಿಲ್ಲ ಎನ್ನುವುದು ಬೇರೆ. ಹೊಲಿಸಿದ ಅಂಗಿಯ ತೋಳು ಗಿಡ್ಡವಾಯಿತು ಅಂದರೆ ಅಂಗಿಯೇ ಬೇಡವಾಗಿತ್ತು ಅಂತಲ್ಲ, ಅಲ್ವಾ? ಅನುಮಾನ ಇದ್ದರೆ ನಿಮ್ಮನ್ನೇ ಕೇಳಿಕೊಳ್ಳಿ. ನಾಳೆ ಬೆಳಿಗ್ಗೆ ಹಳೇ ಎದೆ ವಾಪಸ್ ಬರುತ್ತದೆ, ಜೊತೆಗೆ ಎದೆ ಚಪ್ಪಟೆ ಕಾಣಲು ಬಿಗಿಯಾಗಿ ಹಾಕಿಕೊಳ್ಳುವ ಬೈಂಡರೂ ಬರುತ್ತದೆ ಅಂದರೆ ಒಪ್ಪುತ್ತೀರಾ? ನಾನಂತೂ ಯೋಚನೆ ಮಾಡಬೇಕಾಗಿಯೇ ಬರಲಿಲ್ಲ. ಒಂದು ವೇಳೆ ನಿಮಗೆ ‘ಗೊತ್ತಾಗುತ್ತಿಲ್ಲ’ ಅನ್ನಿಸಿದರೂ ನಾಚಿಕೆ ಪಡುವಂಥದ್ದೇನಿಲ್ಲ. ಟ್ರಾನ್ಸ್ ಜನರ ಜೊತೆ ಕೆಲಸ ಮಾಡಿ ಗೊತ್ತಿರುವ ಕೌನ್ಸೆಲರ್ ಹತ್ತಿರ ಕೂತು ಮಾತಾಡುವ ವಿಷಯ ಅದು.

ನಮ್ಮ ಕಷ್ಟ ಇರುವುದು ಇಲ್ಲಿ. ಈ ಸರ್ಜರಿಗಾಗಿ ಮನೆಯವರ ಹತ್ತಿರ ವಾದ ಮಾಡಿರುತ್ತೇವೆ, ಡಾಕ್ಟರುಗಳ ಪತ್ರಕ್ಕೆ ಅಲೆದಿರುತ್ತೇವೆ, ದುಡ್ಡು ಕೂಡಿಟ್ಟಿರುತ್ತೇವೆ. ಈಗ ಒಂದು ಸಣ್ಣ ಕೊರತೆ ಹೇಳಿದರೂ ಆ ವಾದದಲ್ಲಿ ಸೋತ ಹಾಗೆ ಅನ್ನಿಸುತ್ತದೆ. ಅದಕ್ಕೇ ಕೇಳಿದವರಿಗೆಲ್ಲ ‘ಸೂಪರ್ ಆಗಿದೆ’ ಎನ್ನುತ್ತೇವೆ. ಎಲ್ಲರಿಗೂ ಹೇಳಬೇಕಾಗಿಲ್ಲ. ‘ನಾವು ಆಗಲೇ ಹೇಳಿರಲಿಲ್ವಾ’ ಅನ್ನದ ಒಬ್ಬರಿಗೆ ಹೇಳಿ ಸಾಕು. ಇದೇ ಸರ್ಜರಿ ಆದವರೇ ಸಿಕ್ಕರೆ ಇನ್ನೂ ಒಳ್ಳೆಯದು.

ಈಗ ಎದೆಯ ವಿಷಯ. ಐದು ತಿಂಗಳು ಅಂದರೆ ಇನ್ನೂ ಅರ್ಧ ದಾರಿಯೂ ಆಗಿಲ್ಲ. ಗಾಯದ ಗುರುತು ಪೂರ್ತಿ ಪಕ್ವವಾಗಲು 12ರಿಂದ 18 ತಿಂಗಳು ಬೇಕಾಗುತ್ತದೆ. ಮೊದಲ ಕೆಲವು ತಿಂಗಳು ಅದು ಕಪ್ಪಗೋ ಕೆಂಪಗೋ ಆಗಿ, ಉಬ್ಬಿ, ನೋಡಲು ಕೆಟ್ಟದಾಗಿಯೇ ಇರುತ್ತದೆ. ಆಮೇಲೆ ನಿಧಾನವಾಗಿ ಚಪ್ಪಟೆಯಾಗುತ್ತದೆ. ಒಳಗಿನ ಊತ ಇಳಿಯಲೂ ತಿಂಗಳುಗಟ್ಟಲೆ ಬೇಕು, ಅದೂ ಎರಡೂ ಕಡೆ ಒಂದೇ ಸಮ ಇಳಿಯುವುದಿಲ್ಲ. ನಿಪ್ಪಲ್ ತೆಗೆದು ಮತ್ತೆ ಕೂರಿಸಿದ್ದರೆ, ಅಂದರೆ ಗ್ರಾಫ್ಟ್ ಮಾಡಿದ್ದರೆ, ಮೊದಲು ಕಪ್ಪು ಹಕ್ಕಳೆ ಕಟ್ಟಿ ಉದುರುತ್ತದೆ, ಕೆಳಗೆ ತಿಳಿಗೆಂಪು ಚರ್ಮ ಕಾಣುತ್ತದೆ. ಬಣ್ಣ ತಿಂಗಳುಗಳ ಮೇಲೆ ವಾಪಸ್ ಬರುತ್ತದೆ. ಕೆಲವು ಸಲ ಪೂರ್ತಿ ಬರುವುದಿಲ್ಲ. ನನ್ನ ಬಲಗಡೆಯದರ ಕೆಳ ಅಂಚಿನಲ್ಲಿ ಉಗುರಿನಷ್ಟು ಬಿಳಿ ಪಟ್ಟಿ ಹಾಗೇ ಉಳಿದಿದೆ.

ಈ ಕಾಯುವ ತಿಂಗಳುಗಳಲ್ಲಿ ನನ್ನನ್ನು ಹಾಳು ಮಾಡಿದ್ದು ಕನ್ನಡಿ, ಅದಕ್ಕಿಂತ ಜಾಸ್ತಿ ಫೋನು. ಕೈ ಎತ್ತಿ ನೋಡುವುದು, ಇಳಿಸಿ ನೋಡುವುದು. ಕಂಕುಳ ಕೆಳಗಿನ ಮಡಿಕೆಯನ್ನು ಎರಡು ಬೆರಳಲ್ಲಿ ಹಿಡಿದು, ಇಷ್ಟು ಕಡಿಮೆಯಾದರೆ ಸಾಕಿತ್ತು ಅಂತ ಲೆಕ್ಕ ಹಾಕುವುದು. ಫೋಟೋ ತೆಗೆದು ದೊಡ್ಡದು ಮಾಡಿ, ಬೇರೆಯವರ ಫೋಟೋ ಪಕ್ಕದಲ್ಲಿಟ್ಟು ನೋಡುವುದು. ಕೊನೆಗೆ ತಿಂಗಳಿಗೊಂದೇ ಫೋಟೋ ಅಂತ ಇಟ್ಟುಕೊಂಡೆ. ಅದೇ ಬೆಳಕು, ಅದೇ ದೂರ, ಕೈ ಕೆಳಗೆ. ಇದರಿಂದ ಎರಡು ಲಾಭ. ದಿನಾ ನೋಡಿದರೆ ಕಾಣದ ಬದಲಾವಣೆ ಕಾಣುತ್ತದೆ, ಮುಂದೆ ಸರ್ಜನ್‌ಗೆ ತೋರಿಸಲೂ ಆಗುತ್ತದೆ. ಆನ್‌ಲೈನ್ ಫೋಟೋಗಳ ಬಗ್ಗೆ ಒಂದೇ ಮಾತು: ಚೆನ್ನಾಗಿ ಬಂದವರೇ ಜಾಸ್ತಿ ಹಾಕುತ್ತಾರೆ, ಅದೂ ವರ್ಷಗಳಾದ ಮೇಲೆ, ಎದೆ ಮೇಲೆ ಕೂದಲು ಬಂದು ಗುರುತು ಮುಚ್ಚಿದ ಮೇಲೆ. ಹುಟ್ಟಿನಿಂದ ಗಂಡಸಾದವರ ಬರಿಮೈ ಒಮ್ಮೆ ಗಮನಿಸಿ. ಎರಡೂ ಕಡೆ ಅಳತೆ ಮಾಡಿದ ಹಾಗೆ ಇರುವ ಎದೆ ಸಿಗುವುದು ಅಪರೂಪ.

ಹಾಗಂತ ಎಲ್ಲವೂ ಕಾದರೆ ಸರಿಹೋಗುತ್ತದೆ ಅಂತ ನಾನು ಸುಳ್ಳು ಹೇಳುವುದಿಲ್ಲ. ನೀವು ಹೇಳಿದ ಕಂಕುಳ ಕಡೆಯ ಉಬ್ಬಿಗೆ ಸರ್ಜನ್‌ಗಳು ‘ಡಾಗ್ ಇಯರ್’ ಅನ್ನುತ್ತಾರೆ. ಸ್ವಲ್ಪ ತಾನಾಗಿಯೇ ಇಳಿಯಬಹುದು. ಇಳಿಯದಿದ್ದರೆ ಸಾಮಾನ್ಯವಾಗಿ ಆ ಜಾಗ ಮಾತ್ರ ಮರಗಟ್ಟಿಸಿ ತೆಗೆಯುತ್ತಾರೆ. ಆದರೆ ಗುರುತು ಇನ್ನಷ್ಟು ಉದ್ದವಾಗುತ್ತದೆ. ಎದೆಯಲ್ಲಿ ತಗ್ಗು ಬಿದ್ದಿದ್ದರೆ ಮೈಯ ಬೇರೆ ಕಡೆಯಿಂದ ಕೊಬ್ಬು ತೆಗೆದು ತುಂಬುತ್ತಾರೆ, ಅದರಲ್ಲಿ ಒಂದು ಪಾಲು ಕರಗಿ ಹೋಗುತ್ತದೆ. ನಿಪ್ಪಲ್ ಜಾಗ ಬದಲಿಸುವುದು ಮಾತ್ರ ಕಷ್ಟದ ಕೆಲಸ, ಹೊಸ ಗುರುತು ಉಳಿದೇ ಉಳಿಯುತ್ತದೆ. ಬಣ್ಣ, ಆಕಾರದ್ದೇ ಬೇಸರವಾದರೆ ಮೆಡಿಕಲ್ ಟ್ಯಾಟೂ ಇದೆ.

ಕಾಯಬಾರದ ಒಂದು ವಿಷಯವೂ ಇದೆ. ಗುರುತು ಹೊಲಿಗೆಯ ಗೆರೆ ದಾಟಿ ಅಕ್ಕಪಕ್ಕದ ಒಳ್ಳೆಯ ಚರ್ಮಕ್ಕೂ ಹರಡುತ್ತಿದ್ದರೆ, ತುರಿಕೆ, ನೋವು ಇದ್ದರೆ, ಅದು ಕೆಲಾಯ್ಡ್ ಇರಬಹುದು. ಕಪ್ಪು, ಕಂದು ಮೈಬಣ್ಣದವರಲ್ಲಿ ಇದು ಜಾಸ್ತಿ. ವರ್ಷ ಆಗಲಿ ಅಂತ ಕೂರಬೇಡಿ, ಬೇಗ ತೋರಿಸಿ. ಅದಕ್ಕೆ ಸ್ಟೀರಾಯ್ಡ್ ಇಂಜೆಕ್ಷನ್ ಇದೆ. ಸುಮ್ನೆ ಕತ್ತರಿಸಿ ತೆಗೆದರೆ ಮತ್ತೆ ಬರುವುದೇ ಹೆಚ್ಚು. ಸಾಮಾನ್ಯ ಗುರುತಿಗೆ ಸಿಲಿಕೋನ್ ಶೀಟ್ ಅಥವಾ ಜೆಲ್, ಡಾಕ್ಟರ್ ಹೇಳಿಕೊಟ್ಟ ಹಾಗೆ ಮಸಾಜ್, ಬಿಸಿಲಿಗೆ ಬಿಡದಿರುವುದು, ಇಷ್ಟೇ.

ಸರ್ಜನ್ ಹತ್ತಿರ ಹೋದಾಗ ‘ಚೆನ್ನಾಗಿ ಬಂದಿಲ್ಲ’ ಅಂದರೆ ಮಾತು ಅಲ್ಲೇ ನಿಲ್ಲುತ್ತದೆ. ನನ್ನ ಸರ್ಜನ್ ಒಂದು ಕ್ಷಣ ನೋಡಿ ‘ತುಂಬಾ ಚೆನ್ನಾಗಿದೆ’ ಅಂದುಬಿಟ್ಟಿದ್ದರು. ಫೋಟೋ ತೆಗೆದು, ಟೀ ಶರ್ಟ್ ಹಾಕಿದಾಗ ಈ ಮಡಿಕೆ ಹೊರಗೆ ಕಾಣುತ್ತದೆ, ಎಡಗಡೆ ಇಲ್ಲಿ ತಗ್ಗಿದೆ ಅಂತ ಬೆರಳಿಟ್ಟು ತೋರಿಸಿದ ಮೇಲೆ ಕುರ್ಚಿ ಹತ್ತಿರ ಎಳೆದುಕೊಂಡರು. ನಿಮ್ಮವರು ಕಿವಿಗೇ ಹಾಕಿಕೊಳ್ಳದಿದ್ದರೆ ಆಪರೇಷನ್ ದಾಖಲೆ ಕೇಳಿ ಪಡೆದು ಇನ್ನೊಬ್ಬ ಸರ್ಜನ್‌ಗೆ ತೋರಿಸಿ. ಅದು ಯಾರಿಗೂ ಮಾಡುವ ಅವಮಾನವಲ್ಲ.

ಮನಸ್ಸಿನ ಬಗ್ಗೆಯೂ ಹೇಳಿಬಿಡುತ್ತೇನೆ. ಸರ್ಜರಿ ಆದ ಮೊದಲ ವಾರಗಳಲ್ಲಿ ಮಂಕು ಕವಿಯುವುದು ಸಾಮಾನ್ಯ. ನೋವು, ಮಾತ್ರೆ, ಬಿಗಿ ಪಟ್ಟಿ, ಎಲ್ಲದಕ್ಕೂ ಬೇರೆಯವರ ಕೈ ಕಾಯುವ ಸ್ಥಿತಿ. ಆದರೆ ಐದನೇ ತಿಂಗಳಲ್ಲೂ ನಿದ್ದೆ ಬರುತ್ತಿಲ್ಲ, ಹೊರಗೆ ಹೋಗಲು ಮನಸ್ಸಿಲ್ಲ, ಬದುಕೇ ಬೇಡ ಅನ್ನಿಸುತ್ತಿದೆ ಅಂದರೆ ಗುರುತು ಮಾಯುವ ತನಕ ಕಾಯಬೇಡಿ. ಇವತ್ತೇ ಡಾಕ್ಟರಿಗೆ ಹೇಳಿ.

ನಾನು ಡಾಗ್ ಇಯರ್ ಮಾತ್ರ ತೆಗೆಸಿದೆ. ಎಡಗಡೆಯ ತಗ್ಗು ಹಾಗೇ ಬಿಟ್ಟಿದ್ದೇನೆ, ಅದಕ್ಕೋಸ್ಕರ ಇನ್ನೊಂದು ಸಲ ಆಪರೇಷನ್ ಟೇಬಲ್ ಮೇಲೆ ಮಲಗುವ ಮನಸ್ಸಿಲ್ಲ. ಈಜುಕೊಳದಲ್ಲಿ ಒಬ್ಬರು ಹಾರ್ಟ್ ಆಪರೇಷನ್ ಆಗಿತ್ತಾ ಅಂತ ಕೇಳಿದ್ದರು, ಹೂಂ ಅಂದೆ. ನೀವು ರಿವಿಷನ್, ಅಂದರೆ ಮೊದಲಿನದನ್ನು ಸರಿಪಡಿಸುವ ಸರ್ಜರಿ, ಮಾಡಿಸಲು ಯೋಚಿಸುವುದಾದರೆ ಹೆಚ್ಚಿನ ಸರ್ಜನ್‌ಗಳು ಆರು ತಿಂಗಳಿಂದ ಒಂದು ವರ್ಷದ ತನಕ ಕಾಯಲು ಹೇಳುತ್ತಾರೆ. ಅಷ್ಟರಲ್ಲಿ ಎರಡು ವಿಷಯ ಕೇಳಿಟ್ಟುಕೊಳ್ಳಿ: ಇದು ಸರಿಯಾದರೆ ಬೇರೇನು ಕೆಡಬಹುದು, ಮತ್ತು ಸರ್ಜನ್ ತಮ್ಮ ಫೀಸ್ ತೆಗೆದುಕೊಳ್ಳದಿದ್ದರೂ ಆಸ್ಪತ್ರೆ, ಅನಸ್ತೇಷಿಯಾ ಖರ್ಚು ಯಾರದು. ಎರಡನೆಯದಕ್ಕೆ ಉತ್ತರ ಬರಹದಲ್ಲೇ ತೆಗೆದುಕೊಳ್ಳಿ.