ಮಕ್ಕಳು, ವಯಸ್ಸಾದ ಅಮ್ಮನ ಜೊತೆ ನ್ಯಾರೋಬೋಟ್ ಪ್ರವಾಸ ಆಗುತ್ತಾ?

ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದೀರಿ, ಇಬ್ಬರು ಮಕ್ಕಳು, ಬೇಸಿಗೆಗೆ ಊರಿಂದ ಅಮ್ಮ ಬರುತ್ತಾರೆ, ಯಾರಿಗೂ ಬೋಟ್ ಓಡಿಸಿ ಗೊತ್ತಿಲ್ಲ, ನ್ಯಾರೋಬೋಟ್‌ನಲ್ಲಿ, ಅಂದರೆ ಒಳಗೇ ಅಡುಗೆ ಮಾಡಿ ಮಲಗಬಹುದಾದ ಉದ್ದನೆ, ಕಿರಿದಾದ ಕಾಲುವೆ ಬೋಟ್‌ನಲ್ಲಿ, ಹೋಗಬಹುದಾ ಅಂತ ಕೇಳಿದ್ದೀರಿ. ಖಂಡಿತ ಹೋಗಿ. ಬಾಡಿಗೆ ಬೋಟ್‌ಗೆ ಲೈಸೆನ್ಸ್ ಬೇಕಿಲ್ಲ, ಹೊರಡುವ ಮುಂಚೆ ಬಾಡಿಗೆ ಕೊಡುವವರೇ ಹೇಳಿಕೊಡುತ್ತಾರೆ. ನಾವೂ ಅತ್ತೆಯವರನ್ನು ಕರೆದುಕೊಂಡು ಹಾಗೇ ಹೋಗಿದ್ದು.

ಆದರೆ ಜಾಗ ಸರಿಯಾಗಿ ಆರಿಸಿ. ಎಷ್ಟೋ ಜನ ನಕ್ಷೆ ನೋಡಿ ದೊಡ್ಡ ಸುತ್ತು ಹಾಕಿಕೊಳ್ಳುತ್ತಾರೆ, ಆಮೇಲೆ ದಿನವಿಡೀ ಲಾಕ್‌ನ ಗೇಟು ತಳ್ಳುವುದೇ ಕೆಲಸ. ಲಾಕ್ ಅಂದರೆ ಎರಡೂ ತುದಿಗೆ ಗೇಟಿರುವ ತೊಟ್ಟಿ, ಅದರಲ್ಲಿ ನೀರು ತುಂಬಿಸಿ ಇಲ್ಲವೇ ಖಾಲಿ ಮಾಡಿ ಬೋಟನ್ನು ಏರಿಸುತ್ತಾರೆ, ಇಳಿಸುತ್ತಾರೆ. ನಿಮ್ಮ ಊರಿನಿಂದಲೇ ಶುರುವಾಗುವ ಕೆನೆಟ್ ಅಂಡ್ ಏವನ್ ಕಾಲುವೆಯಲ್ಲೇ ಡಿವೈಜಸ್ ಹತ್ತಿರ ಕೇನ್ ಹಿಲ್‌ನಲ್ಲಿ 29 ಲಾಕ್‌ಗಳಿವೆ, ಅದರಲ್ಲಿ 16 ಒಂದೇ ಸಾಲಿನಲ್ಲಿ. ನೋಡೋಕೆ ಅದ್ಭುತ, ಆದರೆ ಚಿಕ್ಕ ಮಕ್ಕಳ ಜೊತೆ ಬೇಡ. ಅದೇ ಕಾಲುವೆಯಲ್ಲಿ ಬ್ರಾಡ್‌ಫರ್ಡ್ ಆನ್ ಏವನ್‌ನ ಲಾಕ್ ದಾಟಿದರೆ ಬಾತ್ ಊರಿನ ಮೊದಲ ಲಾಕ್‌ವರೆಗೆ 9 ಮೈಲಿ ನೀರು ಒಂದೇ ಮಟ್ಟ, ನಡುವೆ ಒಂದೂ ಲಾಕ್ ಇಲ್ಲ. ನಾನು ಹೇಳೋದು ಅದನ್ನೇ.

9 ಮೈಲಿ ಕಡಿಮೆ ಅನ್ನಿಸಬಹುದು. ಇಲ್ಲಿ ವೇಗದ ಮಿತಿಯೇ ಗಂಟೆಗೆ 4 ಮೈಲಿ, ದಡದಲ್ಲಿ ಕಟ್ಟಿದ ಬೋಟ್‌ಗಳ ಪಕ್ಕ ಇನ್ನೂ ನಿಧಾನ ಹೋಗಬೇಕು. ಆ ಬೋಟ್‌ಗಳಲ್ಲಿ ಜನ ಮನೆ ಮಾಡಿಕೊಂಡಿದ್ದಾರೆ, ಜೋರಾಗಿ ಹೋದರೆ ಅವರ ಹಗ್ಗ ಎಳೆದು ಮನೆಯೆಲ್ಲ ಅಲ್ಲಾಡುತ್ತೆ. ಮಧ್ಯೆ ಏವನ್‌ಕ್ಲಿಫ್, ಆಮೇಲೆ ಡಂಡಾಸ್, ಎರಡೂ ಕಡೆ ಕಾಲುವೆಯೇ ಕಲ್ಲಿನ ಸೇತುವೆ ಹತ್ತಿ ಏವನ್ ನದಿಯನ್ನು ದಾಟುತ್ತೆ. ಡಂಡಾಸ್‌ನಲ್ಲಿ ಬೋಟ್ ಕಟ್ಟಿ ಕೆಳಗಿಳಿದು ನೋಡಿ: ತಲೆ ಮೇಲೆ ಬೋಟ್, ಕೆಳಗೆ ನದಿ, ಪಕ್ಕದಲ್ಲೇ ರೈಲು. ನಮ್ಮ ಹುಡುಗರು ಅಲ್ಲಿಂದ ಬರೋಕೇ ಒಪ್ಪಲಿಲ್ಲ. 1810ರಲ್ಲಿ ಪೂರ್ತಿಯಾದ ಈ ಕಾಲುವೆ ಆಮೇಲೆ ಹಾಳು ಬಿದ್ದಿತ್ತು. ಸ್ವಯಂಸೇವಕರು ವರ್ಷಗಟ್ಟಲೆ ಕೆಸರಿನಲ್ಲಿ ನಿಂತು ದುಡಿದ ಮೇಲೆ 1990ರಲ್ಲಿ ಮತ್ತೆ ತೆರೆಯಿತು. ಅವರ ಋಣ ದೊಡ್ಡದು.

ಓಡಿಸೋದು ಕಷ್ಟ ಇಲ್ಲ. ಹಿಂದೆ ನಿಂತು ಟಿಲ್ಲರ್ ಅನ್ನೋ ಉದ್ದನೆ ಹಿಡಿಕೆ ಹಿಡಿಯಬೇಕು, ಅದನ್ನು ಬಲಕ್ಕೆ ತಳ್ಳಿದರೆ ಬೋಟ್ ಎಡಕ್ಕೆ ಹೋಗುತ್ತೆ, ಅದೂ ಒಂದು ಕ್ಷಣ ತಡವಾಗಿ. ಹಾಗಾಗಿ ಸ್ವಲ್ಪ ತಿರುಗಿಸಿ, ಕಾದು ನೋಡಿ. ಎದುರು ಬೋಟ್ ಬಂದರೆ ಬಲಕ್ಕೆ ಸರಿಯಿರಿ, ರಸ್ತೆಯ ಹಾಗೆ ಎಡಕ್ಕಲ್ಲ. ದಡಕ್ಕೆ ಬಡಿಯುತ್ತೆ ಅನ್ನಿಸಿದಾಗ ಯಾರೂ ಕಾಲು ಕೊಟ್ಟು ತಡೆಯಬಾರದು, ಟನ್‌ಗಟ್ಟಲೆ ಕಬ್ಬಿಣ ಅದು. ಮಕ್ಕಳಿಗೆ ಲೈಫ್ ಜಾಕೆಟ್ ಹೊರಗಿರುವಷ್ಟು ಹೊತ್ತೂ ಮೈಮೇಲಿರಲಿ. ಉದ್ದದ ಬೋಟ್ ಎಲ್ಲೆಂದರಲ್ಲಿ ತಿರುಗಲ್ಲ, ಕಾಲುವೆ ಅಗಲ ಮಾಡಿದ ಜಾಗಗಳನ್ನು ನಕ್ಷೆಯಲ್ಲಿ ಮೊದಲೇ ಗುರುತು ಹಾಕಿಸಿಕೊಳ್ಳಿ.

ಬುಕ್ ಮಾಡುವಾಗ ಬೋಟ್ ಬ್ರಾಡ್‌ಫರ್ಡ್ ಲಾಕ್‌ನ ಯಾವ ಕಡೆ ಸಿಗುತ್ತೆ ಅಂತ ಕೇಳಿ. ಮೇಲಿನ ಕಡೆಯಾದರೆ ಹೋಗುವಾಗ, ಬರುವಾಗ ಆ ಒಂದು ಲಾಕ್ ದಾಟಬೇಕು. ಇಳಿಯುವಾಗ ಹಿಂದಿನ ಗೇಟಿನ ಬುಡದಲ್ಲಿ ಸಿಲ್ ಅನ್ನೋ ಕಟ್ಟೆ ಇರುತ್ತೆ. ನೀರು ಇಳಿದ ಹಾಗೆ ಬೋಟ್‌ನ ಹಿಂಭಾಗ ಅದರ ಮೇಲೆ ಕೂತುಬಿಟ್ಟರೆ ಬೋಟ್ ಮುಳುಗಬಹುದು. ಗೋಡೆ ಮೇಲಿನ ಬಿಳಿ ಗುರುತಿಗಿಂತ ಮುಂದೆಯೇ ನಿಲ್ಲಿಸಿ. ಒಬ್ಬರು ಕಣ್ಣು ಅಲ್ಲೇ ಇಟ್ಟಿರಲಿ.

ಅಮ್ಮನ ವಿಷಯ. ಬೋಟ್ ಒಳಗೆ ಅಗಲ 7 ಅಡಿಗಿಂತ ಕಡಿಮೆ, ಇಳಿಯುವ ಮೆಟ್ಟಿಲು ಕಡಿದು. ಮಂಡಿ ನೋವಿದ್ದರೆ ಮೆಟ್ಟಿಲ ಫೋಟೋ ಕಳಿಸೋಕೆ ಹೇಳಿ. ಹಗಲು ಊಟದ ಮೇಜಾಗಿದ್ದು ರಾತ್ರಿ ಮಂಚ ಆಗೋ ಬೋಟ್‌ಗಳಿವೆ, ಅಮ್ಮನಿಗೆ ಮಾತ್ರ ಬೇರೆಯಾಗಿ ಹಾಕಿದ ಮಂಚವೇ ಇರಲಿ, ಬೇಗ ಮಲಗುವವರಿಗೆ ಅದು ದೊಡ್ಡ ಅನುಕೂಲ. ಟಾಯ್ಲೆಟ್ ಪಂಪ್‌ಔಟ್, ಅಂದರೆ ತೊಟ್ಟಿಯನ್ನು ಪಂಪ್‌ನಿಂದ ಖಾಲಿ ಮಾಡುವಂಥದ್ದು, ಇದ್ದರೆ ಒಳ್ಳೆಯದು, ಕ್ಯಾಸೆಟ್ ಅನ್ನೋ ಪುಟ್ಟ ಡಬ್ಬಿಯದ್ದಾದರೆ ನೀವೇ ಹೊತ್ತು ಖಾಲಿ ಮಾಡಬೇಕು. ಗ್ಯಾಸ್ ಒಲೆ ಇರುತ್ತೆ, ಅನ್ನ ಸಾರು ಆರಾಮಾಗಿ ಆಗುತ್ತೆ, ಪುಟ್ಟ ಕುಕ್ಕರ್ ಮನೆಯಿಂದಲೇ ಒಯ್ಯಿರಿ. ಅತ್ತೆಯವರು ಮುಂದಿನ ಕಟ್ಟೆಯಲ್ಲಿ ಶಾಲು ಹೊದ್ದು ಹುರುಳಿಕಾಯಿ ಸೋಸುತ್ತಾ ಕೂತಿದ್ದರು, ದಡದಲ್ಲಿ ಹೋಗುವವರೆಲ್ಲ ಅವರಿಗೆ ಕೈ ಬೀಸೋರು.

ಶಾಲೆ ರಜೆಯಲ್ಲಿ ಬಾಡಿಗೆ ಜಾಸ್ತಿ, ಬೋಟೂ ಬೇಗ ಖಾಲಿಯಾಗುತ್ತೆ. ಅಮ್ಮನ ಟಿಕೆಟ್ ಆದ ದಿನವೇ ಬುಕ್ ಮಾಡಿಬಿಡಿ.